ಮೂರ್ತಿ ಚಿಕ್ಕದು

2024ರ ಸೆಪ್ಟೆಂಬರ್ ಮೊದಲ ವಾರ ನಾನು ಕೆನಡಾದ ಕ್ಯಾಲ್ಗರಿ ನಗರದಲ್ಲಿ ಮಗಳ ಮನೆಯಲ್ಲಿದ್ದೆ. ಒಂದು ಸಂಜೆ ಅಳಿಯಂದಿರು ನಮ್ಮನ್ನು ಅಲ್ಲಿನ ಹಾಕಿ ಕ್ರೀಡಾಂಗಣದ ಬಳಿಗೆ ಕರೆದೊಯ್ದರು. ಅದರ ಮಾಡು ಕುದುರೆಯ ಜೀನಿನಂತೆ ನಡುವೆ ತಗ್ಗಿ ಎರಡೂ ಕಡೆ ಎದ್ದಿದೆ. ಆದುದರಿಂದ ಅದಕ್ಕೆ ಸ್ಯಾಡಲ್‌ಡೋಮ್ ಎಂದು ಹೆಸರು. 1983ರಲ್ಲಿ ತೆರೆದ ಕಟ್ಟಡ. ಅಂದು ಯಾವ ಪಂದ್ಯವೂ ಇರಲಿಲ್ಲ. ಆದರೂ ಮೆಟ್ಟಿಲುಗಳ ತುಂಬ ಜನ ಮೌನವಾಗಿ ನಿಂತಿದ್ದರು. ಹೂಗುಚ್ಛಗಳು, ಕೆಂಪು ಅಂಗಿಗಳು, ಮಕ್ಕಳು ಬರೆದ ಕಾಗದಗಳು, ನೇರಳೆ ಬಣ್ಣದ ಪಾನೀಯದ ಬಾಟಲಿಗಳು ರಾಶಿಯಾಗಿದ್ದವು. ಅವುಗಳ ನಡುವೆ ಸ್ಕಿಟಲ್ಸ್ ಎಂಬ ಬಣ್ಣದ ಮಿಠಾಯಿಯ ಪೊಟ್ಟಣಗಳಿದ್ದವು. ಶ್ರದ್ಧಾಂಜಲಿಗೆ ಮಿಠಾಯಿ ಏಕೆಂದು ನನಗೆ ಅರ್ಥವಾಗಲಿಲ್ಲ.

ಕಾರಣವನ್ನು ಹೇಳಿದವನು ನನ್ನ ಹತ್ತು ವರ್ಷದ ಮೊಮ್ಮಗ. ತೀರಿಕೊಂಡವರು ಜಾನಿ ಗಾಡ್ರೋ ಎಂಬ ಆಟಗಾರ. (ಮೊದಲ ಸಲ ಕೇಳಿದಾಗ ನನ್ನ ಹಳ್ಳಿಯ ಕಿವಿಗೆ ಅದು 'ಗೌಡ್ರು' ಎಂದೇ ಬಿದ್ದಿತ್ತು.) ಅವರ ತಂದೆ ನ್ಯೂಜೆರ್ಸಿಯಲ್ಲಿ ಹಾಕಿ ತರಬೇತುದಾರರು. ಮಗ ಇನ್ನೂ ತಪ್ಪು ಹೆಜ್ಜೆ ಇಡುವ ವಯಸ್ಸಿನಲ್ಲಿದ್ದಾಗ ಮಂಜುಗಡ್ಡೆಯ ಅಂಗಳದ ಮೇಲೆ ಒಂದೊಂದೇ ಸ್ಕಿಟಲ್ಸ್ ಇಟ್ಟು, ಅದನ್ನು ಹೆಕ್ಕಲು ಹೋಗುವ ನೆಪದಲ್ಲಿ ಅವನಿಗೆ ಜಾರುನಡಿಗೆ ಕಲಿಸಿದರಂತೆ. ಆ ಮಗುವೇ ಮುಂದೆ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಕಣ್ಮಣಿಯಾಯಿತು. 2024ರ ಆಗಸ್ಟ್ 29ರಂದು, ಸಹೋದರಿಯ ಮದುವೆಯ ಹಿಂದಿನ ದಿನ, ಸೈಕಲ್ ಮೇಲೆ ಹೋಗುತ್ತಿದ್ದ ಅವರಿಗೂ ಅವರ ತಮ್ಮ ಮ್ಯಾಥ್ಯೂವಿಗೂ ಕಾರೊಂದು ಬಡಿದು ಇಬ್ಬರೂ ತೀರಿಕೊಂಡರು. ಜಾನಿಗೆ 31 ವರ್ಷ.

'ಅಜ್ಜಾ, ಅವರೂ ನನ್ನ ಹಾಗೇ ಗಿಡ್ಡ ಇದ್ದರು' ಎಂದು ಮೊಮ್ಮಗ ಕೊನೆಯಲ್ಲಿ ಸೇರಿಸಿದ.

ಈ ಮಾತಿನ ಹಿಂದೆ ಆ ವಾರ ಮನೆಯಲ್ಲಿ ನಡೆಯುತ್ತಿದ್ದ ಒಂದು ಚರ್ಚೆಯಿತ್ತು. ಮೊಮ್ಮಗ ತನ್ನ ವಯಸ್ಸಿನ ಹುಡುಗರಲ್ಲೆಲ್ಲ ಕುಳ್ಳ. ಅಭ್ಯಾಸ ಪಂದ್ಯಗಳಲ್ಲಿ ಗೋಲುಗಳನ್ನೇನೋ ಹೊಡೆದಿದ್ದ. ಆದರೆ ಆಯ್ಕೆಯಾದಾಗ ಅವನನ್ನು ಕೆಳಗಿನ ಗುಂಪಿಗೆ ಹಾಕಿದ್ದರು. 'ಚುರುಕಾಗಿದ್ದಾನೆ, ಸ್ವಲ್ಪ ಬೆಳೆಯಲಿ' ಎಂಬುದು ಅಲ್ಲಿಂದ ಬಂದ ಉತ್ತರ. ಮಗಳಿಗೆ ಸಿಟ್ಟು, ಮತ್ತೊಮ್ಮೆ ಕೇಳಬೇಕೆಂದು ಅವಳ ವಾದ. ಅಳಿಯಂದಿರಿಗೆ ಭಯ, ಮುಂದೆ ದೊಡ್ಡ ಹುಡುಗರು ಮೈಮೇಲೆ ಬೀಳುವ ಆಟವಿದು, ಈಗಲೇ ಫುಟ್‌ಬಾಲ್ ಕಡೆಗೆ ತಿರುಗಿಸುವುದು ಲೇಸೆಂದು ಅವರ ಅಭಿಪ್ರಾಯ. 'ನೀವು ಮೂವತ್ತು ವರ್ಷ ಮಕ್ಕಳನ್ನು ನೋಡಿದವರು, ಹೇಳಿ ಮಾವ' ಎಂದು ನನ್ನನ್ನು ಕೇಳಿದರು. ನಾನು ಉತ್ತರಿಸಲಿಲ್ಲ. ಸುಮ್ಮನಿದ್ದುದಕ್ಕೆ ಕಾರಣವಿತ್ತು, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಚರಿತ್ರೆಯ ಮೇಷ್ಟ್ರಿಗೆ ಉತ್ತರ ಗೊತ್ತಿಲ್ಲದಾಗ ಇರುವ ದಾರಿ ಒಂದೇ, ಹಿಂದೆ ಏನಾಯಿತೆಂದು ನೋಡುವುದು. ಹಾಗೆ ಓದತೊಡಗಿದಾಗ ತಿಳಿಯಿತು: ಚಿಕ್ಕ ಮೈಕಟ್ಟಿನ, ಹೆಚ್ಚು ಗೋಲು ಹೊಡೆಯುವ ತರುಣ ಆಟಗಾರನ ಬೆಲೆ ಎಷ್ಟು ಎಂಬ ಪ್ರಶ್ನೆ ಈ ಒಂದೇ ಊರಿನ ತಂಡದ ಮುಂದೆ ಮೂರು ಬಾರಿ ಬಂದು ನಿಂತಿತ್ತು. ಅದು ಮೂರು ಬಾರಿಯೂ ಬೇರೆ ಬೇರೆ ಉತ್ತರ ಕೊಟ್ಟಿತ್ತು.

ಆಟವನ್ನು ಕಾಣದವರಿಗಾಗಿ ಎರಡು ಮಾತು. ಇದು ನಮ್ಮ ಧ್ಯಾನ್‌ಚಂದರ ಹಾಕಿಯಲ್ಲ. ಹುಲ್ಲಿನ ಬದಲು ಮಂಜುಗಡ್ಡೆ, ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎನ್ನುತ್ತಾರೆ. ಅಂಗಳದ ಉದ್ದ 200 ಅಡಿ, ಅಗಲ 85 ಅಡಿ. ಒಂದು ತಂಡದಲ್ಲಿ ಒಮ್ಮೆಗೆ ಆರು ಜನ: ಮೂವರು ಫಾರ್ವರ್ಡ್, ಇಬ್ಬರು ರಕ್ಷಕರು, ಒಬ್ಬ ಗೋಲಿ. ನಮ್ಮ ಹಾಕಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಪಕ್ ಹಿಡಿದವನಿಗೆ ಭುಜದಿಂದಲೋ ಸೊಂಟದಿಂದಲೋ ಡಿಕ್ಕಿ ಹೊಡೆಯುವುದು ಇಲ್ಲಿ ನಿಯಮಬದ್ಧ. ಸುತ್ತಲೂ ಹಲಗೆಯ ಗೋಡೆ. ಓಡಿ ತಪ್ಪಿಸಿಕೊಳ್ಳಲು ಗೆರೆಯಾಚೆ ಬಯಲಿಲ್ಲ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟರೆ ಮೈಗಾತ್ರದ ಚರ್ಚೆ ಏಕೆ ಹುಟ್ಟಿತೆಂಬುದು ತಾನೇ ತಿಳಿಯುತ್ತದೆ.

ಎನ್‌ಎಚ್‌ಎಲ್ ಎಂಬ ವೃತ್ತಿಪರ ಲೀಗಿನ ಕ್ಲಬ್ಬುಗಳು ಹದಿನೆಂಟರ ಆಸುಪಾಸಿನ ಹುಡುಗರನ್ನು ವರ್ಷಕ್ಕೊಮ್ಮೆ ಸಭೆ ಸೇರಿ ಆರಿಸಿಕೊಳ್ಳುತ್ತವೆ. ನಮ್ಮ ಐಪಿಎಲ್ ಹರಾಜಿನಂತೆ ಅಲ್ಲಿ ಹಣ ಕೂಗುವುದಿಲ್ಲ. ಸರದಿ ಪ್ರಕಾರ ಒಂದೊಂದು ಕ್ಲಬ್ಬು ಒಂದೊಂದು ಹೆಸರು ಹೇಳುತ್ತದೆ. ಎಷ್ಟನೆಯವನಾಗಿ ಹೆಸರು ಬಂತೆಂಬುದೇ ಹುಡುಗನ ಬೆಲೆ. ಚಿಕ್ಕ ಹುಡುಗನ ವಿಷಯದಲ್ಲಿ ಪರೀಕ್ಷಕರ ವಾದಗಳು ಬಹುಮಟ್ಟಿಗೆ ಒಂದೇ. ಕಿರಿಯರ ಲೀಗಿನಲ್ಲಿ ಹೊಡೆದ ಗೋಲು ಗಂಡಸರ ಲೀಗಿನಲ್ಲಿ ಬರುವುದಿಲ್ಲ. ವರ್ಷಕ್ಕೆ ಎಂಬತ್ತಕ್ಕೂ ಹೆಚ್ಚು ಪಂದ್ಯಗಳ ಪೆಟ್ಟನ್ನು ಆ ಮೈ ತಡೆಯಲಾರದು. ಗೋಡೆಯ ಮೂಲೆಯಲ್ಲಿ ಪಕ್‌ಗಾಗಿ ನಡೆಯುವ ತಳ್ಳಾಟದಲ್ಲಿ ಅವನು ಸೋಲುತ್ತಾನೆ. ಎದುರು ಪಕ್ಷದವರ ಉತ್ತರವೂ ಒಂದೇ: ದೊಡ್ಡವರ ನಡುವೆಯೇ ಅವನು ಇಷ್ಟು ಗೋಲು ಹೊಡೆದಿದ್ದಾನಲ್ಲ, ಅದಕ್ಕಿಂತ ಬೇರೆ ಪುರಾವೆ ಏನು ಬೇಕು?

ಮೊದಲನೆಯವರು ಥಿಯೊ ಫ್ಲೂರಿ. 1968ರಲ್ಲಿ ಕೆನಡಾದ ಬಯಲುಸೀಮೆಯಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಹುಟ್ಟಿ, ಮನಿಟೋಬಾದ ರಸೆಲ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಬಡವರ ಮನೆಯ ಹುಡುಗ. ಎತ್ತರ 5 ಅಡಿ 6 ಅಂಗುಲ. 1986-87ರಲ್ಲಿ ಪಶ್ಚಿಮ ಕೆನಡಾದ ಕಿರಿಯರ ಲೀಗಿನಲ್ಲಿ ಅವರು 61 ಗೋಲು ಹೊಡೆದರು. ಅದೇ ವರ್ಷ ಅದೇ ಲೀಗಿನಲ್ಲಿ ಜೋ ಸಕಿಕ್ ಎಂಬ ಹುಡುಗ 60 ಗೋಲು ಹೊಡೆದ. 1987ರ ಆಯ್ಕೆಯಲ್ಲಿ ಸಕಿಕ್ 15ನೆಯವರಾಗಿ ಹೋದರು; ಫ್ಲೂರಿಯ ಹೆಸರನ್ನು ಕ್ಯಾಲ್ಗರಿ ಹೇಳಿದ್ದು ಎಂಟನೆಯ ಸುತ್ತಿನಲ್ಲಿ, 166ನೆಯವರಾಗಿ. ಸಕಿಕ್ ವಯಸ್ಸಿನಲ್ಲಿ ಒಂದು ವರ್ಷ ಕಿರಿಯರು, ಬೆಳೆಯಲು ಇನ್ನೂ ಅವಕಾಶವಿದ್ದವರು ಎಂಬುದನ್ನು ಲೆಕ್ಕಕ್ಕೆ ಹಿಡಿಯೋಣ; ಮುಂದೆ ಅವರು ಮಹಾನ್ ಆಟಗಾರರಾದುದೂ ನಿಜ. ಆದರೂ 15ಕ್ಕೂ 166ಕ್ಕೂ ನಡುವಿನ ಅಂತರವನ್ನು ಒಂದು ವರ್ಷದ ವಯಸ್ಸು ತುಂಬಲಾರದು. ಮರುವರ್ಷ ಇಬ್ಬರೂ ತಲಾ 160 ಅಂಕ ಗಳಿಸಿ ಲೀಗಿನ ಅಗ್ರಸ್ಥಾನವನ್ನು ಹಂಚಿಕೊಂಡರು. (ಗೋಲು ಹೊಡೆದವನಿಗೂ ಅದಕ್ಕೆ ಪಕ್ ಒದಗಿಸಿದವನಿಗೂ ಅಲ್ಲಿ ಒಂದೊಂದು ಅಂಕ.)

1989ರ ಜನವರಿಯಲ್ಲಿ ಫ್ಲೂರಿ ಕ್ಯಾಲ್ಗರಿ ತಂಡ ಸೇರಿದರು. ಅದೇ ಮೇ ತಿಂಗಳಲ್ಲಿ ತಂಡವು ಮಾಂಟ್ರಿಯಲ್ಲನ್ನು ಅವರದೇ ಅಂಗಳದಲ್ಲಿ ಸೋಲಿಸಿ ಸ್ಟ್ಯಾನ್ಲಿ ಕಪ್ ಗೆದ್ದಿತು. 1990-91ರಲ್ಲಿ ಫ್ಲೂರಿ 51 ಗೋಲು ಹೊಡೆದರು. ಆ ವರ್ಷದ ಏಪ್ರಿಲ್‌ನಲ್ಲಿ ಎಡ್ಮಂಟನ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲು ಹೊಡೆದು, ಮಂಡಿಯೂರಿ, ಬೆನ್ನ ಮೇಲೆ ಬಿದ್ದು, ಅಂಗಳದ ಉದ್ದಕ್ಕೂ ಜಾರಿಹೋದ ದೃಶ್ಯವನ್ನು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಅವರ ಎನ್‌ಎಚ್‌ಎಲ್ ಲೆಕ್ಕ: 1084 ಪಂದ್ಯ, 455 ಗೋಲು, 1088 ಅಂಕ.

ಆದರೆ ಇನ್ನೊಂದು ಲೆಕ್ಕವೂ ಇದೆ. ಒರಟಾಟಕ್ಕೆ ಶಿಕ್ಷೆಯಾಗಿ ಅವರ ಹೆಸರಿನಲ್ಲಿ ಬರೆದಿರುವ ನಿಮಿಷಗಳು 1840. ಆ ಕಾಲದಲ್ಲಿ ಚಿಕ್ಕವನು ಉಳಿಯಬೇಕಾದರೆ ದೊಡ್ಡವನಿಗಿಂತ ಹೆಚ್ಚು ಒರಟನಾಗಬೇಕಿತ್ತು. ಇದಕ್ಕಿಂತಲೂ ನೋವಿನ ಸಂಗತಿಯೊಂದನ್ನು 2009ರಲ್ಲಿ ಅವರು ತಮ್ಮ ಆತ್ಮಕಥೆಯಲ್ಲಿ ಬರೆದರು. ಹದಿಹರೆಯದಲ್ಲಿ ಅವರನ್ನು ಗುರುತಿಸಿ ಮೇಲೆ ತಂದ ತರಬೇತುದಾರನೇ ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನು. ಆತ 2011ರಲ್ಲಿ ತಪ್ಪೊಪ್ಪಿಕೊಂಡು, ಬಳಿಕ ಸೆರೆಗೆ ಹೋದ. ಅಧ್ಯಾಪಕನಾಗಿದ್ದವನಿಗೆ ಇದನ್ನು ಓದಿ ಮುಂದಿನ ಪುಟ ತಿರುಗಿಸುವುದು ಸುಲಭವಲ್ಲ. ದೌರ್ಜನ್ಯಕ್ಕೆ ಕಾರಣ ಆ ಮನುಷ್ಯನೇ, ಬೇರೆ ಯಾರೂ ಅಲ್ಲ. ಆದರೆ ನೂರು ಜನ 'ನೀನು ಬೇಡ' ಎಂದ ಮಗುವಿಗೆ, 'ನೀನು ಬೇಕು' ಎಂದ ಒಬ್ಬನ ವಿರುದ್ಧ ಬಾಯಿ ತೆರೆಯುವುದು ಎಷ್ಟು ಕಷ್ಟವಾದೀತೆಂದು ಊಹಿಸಬಲ್ಲೆ. ಮಗುವಿನ ಮುಂದೆ ಬಾಗಿಲುಗಳನ್ನು ಮುಚ್ಚುವಾಗ, ತೆರೆದುಳಿಯುವ ಒಂದೇ ಬಾಗಿಲಿನ ಬಳಿ ಯಾರು ನಿಂತಿದ್ದಾರೆಂದು ನಾವು ನೋಡುವುದಿಲ್ಲ.

ಎರಡನೆಯವರು ಮಾರ್ಟಿನ್ ಸೇಂಟ್ ಲೂಯಿ, ಫ್ರೆಂಚ್ ಮಾತನಾಡುವ ಕ್ವೆಬೆಕ್ ಪ್ರಾಂತ್ಯದ ಲವಾಲ್ ಊರಿನವರು. ಎತ್ತರ 5 ಅಡಿ 8 ಅಂಗುಲ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಪರವಾಗಿ ನಾಲ್ಕು ವರ್ಷ ಆಡಿ 267 ಅಂಕ ಗಳಿಸಿದರು. ಕಾಲೇಜು ಆಟಗಾರರಲ್ಲಿ ಶ್ರೇಷ್ಠನಿಗೆ ಕೊಡುವ ಪ್ರಶಸ್ತಿಯ ಅಂತಿಮ ಪಟ್ಟಿಗೆ ಮೂರು ಬಾರಿ ಬಂದರು. ಆದರೂ ಆಯ್ಕೆಯ ಸಭೆಯಲ್ಲಿ ಅವರ ಹೆಸರನ್ನು ಯಾವ ಕ್ಲಬ್ಬೂ ಹೇಳಲಿಲ್ಲ, 166ನೆಯವರಾಗಿಯೂ ಅಲ್ಲ. 1998ರಲ್ಲಿ ಕ್ಯಾಲ್ಗರಿ ಅವರೊಡನೆ ಒಪ್ಪಂದ ಮಾಡಿಕೊಂಡಿತು. ಫ್ಲೂರಿಯನ್ನು ಕಂಡ ಊರು. ಈ ಬಾರಿ ಕಣ್ಣು ತೆರೆದಿರಬೇಕೆಂದು ನಾವು ತಿಳಿಯುತ್ತೇವೆ. ಹಾಗಾಗಲಿಲ್ಲ. ಎರಡು ವರ್ಷಗಳಲ್ಲಿ ಅವರು ಆ ತಂಡಕ್ಕೆ ಆಡಿದ್ದು 69 ಪಂದ್ಯ, ಹೊಡೆದದ್ದು 4 ಗೋಲು. 2000ದ ಬೇಸಿಗೆಯಲ್ಲಿ ತಂಡ ಅವರನ್ನು ಕೈಬಿಟ್ಟಿತು. ಚರಿತ್ರೆಯನ್ನು ಬರೆಯುವಾಗ ನ್ಯಾಯ ತಪ್ಪಬಾರದು: ನಾಲ್ಕೇ ಗೋಲು ಎಂಬ ದಾಖಲೆ ಕಣ್ಣ ಮುಂದಿರುವಾಗ ಆ ನಿರ್ಧಾರ ಮೂರ್ಖತನವೆಂದು ಅಂದು ಯಾರೂ ಹೇಳುವಂತಿರಲಿಲ್ಲ. ಆದರೆ ಮೈಕಟ್ಟುಳ್ಳ ಹುಡುಗ ನಾಲ್ಕೇ ಗೋಲು ಹೊಡೆದಿದ್ದರೆ 'ಇನ್ನೂ ಪಳಗಬೇಕು' ಎಂದು ಇನ್ನೊಂದು ವರ್ಷ ಇಟ್ಟುಕೊಳ್ಳುತ್ತಿದ್ದರೋ ಏನೋ ಎಂಬ ಸಂಶಯ ಮಾತ್ರ ನನ್ನನ್ನು ಬಿಡುತ್ತಿಲ್ಲ.

ಫ್ಲಾರಿಡಾದ ಟ್ಯಾಂಪಾ ಬೇ ತಂಡ ಅವರನ್ನು ತೆಗೆದುಕೊಂಡಿತು. 2003-04ರಲ್ಲಿ ಅವರು 94 ಅಂಕಗಳೊಂದಿಗೆ ಇಡೀ ಲೀಗಿನಲ್ಲಿ ಮೊದಲಿಗರಾದರು. ಆ ವರ್ಷದ ಅತ್ಯಮೂಲ್ಯ ಆಟಗಾರನೆಂಬ ಪ್ರಶಸ್ತಿಯೂ ಅವರದೇ. ಮುಂದಿನದು ಕಾದಂಬರಿಕಾರರೂ ಬರೆಯಲು ಹಿಂಜರಿಯುವಂಥದು. ಆ ವರ್ಷ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿಯಲ್ಲಿ ಟ್ಯಾಂಪಾ ಬೇ ಎದುರಿಸಿದ್ದು ಕ್ಯಾಲ್ಗರಿಯನ್ನೇ. ಐದು ಪಂದ್ಯಗಳಾದಾಗ ಕ್ಯಾಲ್ಗರಿ 3-2ರಿಂದ ಮುಂದಿತ್ತು. 2004ರ ಜೂನ್ 5ರಂದು ಆರನೆಯ ಪಂದ್ಯ, ನಾನು ನೋಡಿದ ಅದೇ ಸ್ಯಾಡಲ್‌ಡೋಮ್‌ನಲ್ಲಿ. ಗೆದ್ದರೆ ಊರಿಗೆ ಕಪ್. ಆಟ ಸಮಬಲವಾಗಿ ಎರಡನೆಯ ಹೆಚ್ಚುವರಿ ಅವಧಿಗೆ ಹೋಯಿತು. ಆ ಅವಧಿಯ 33ನೆಯ ಸೆಕೆಂಡಿನಲ್ಲಿ ಗೋಲು ಹೊಡೆದು ಕ್ಯಾಲ್ಗರಿಯ ಕೈಯಿಂದ ಪಂದ್ಯ ಕಸಿದವರು ಸೇಂಟ್ ಲೂಯಿ. ಎರಡು ದಿನಗಳ ನಂತರ ಏಳನೆಯ ಪಂದ್ಯವನ್ನೂ ಗೆದ್ದು ಟ್ಯಾಂಪಾ ಕಪ್ ಎತ್ತಿತು. ಕ್ಯಾಲ್ಗರಿ ಬೇಡವೆಂದ ಆಟಗಾರ 2013ರಲ್ಲಿ, 37ನೆಯ ವಯಸ್ಸಿನಲ್ಲಿ, ಮತ್ತೊಮ್ಮೆ ಲೀಗಿನ ಅಂಕಪಟ್ಟಿಯ ತುದಿಗೇರಿದರು. 1033 ಅಂಕಗಳೊಂದಿಗೆ ನಿವೃತ್ತರಾಗಿ 2018ರಲ್ಲಿ ಹಾಕಿಯ ಕೀರ್ತಿಭವನವನ್ನು ಸೇರಿದರು.

ಮೂರನೆಯ ಕಥೆಗೆ ಮೊದಲು ಆಟದ ನಿಯಮಗಳ ಬಗ್ಗೆ ಹೇಳಬೇಕು. ಏಕೆಂದರೆ ನನ್ನ ಮಟ್ಟಿಗೆ ಈ ಚರ್ಚೆಯ ತಿರುಳಿರುವುದು ಅಲ್ಲಿ. 1980ರ ದಶಕದ ಆರಂಭದಲ್ಲಿ ಎನ್‌ಎಚ್‌ಎಲ್‌ನ ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸರಾಸರಿ 8 ಗೋಲು ಬರುತ್ತಿದ್ದವು. 2003-04ರ ಹೊತ್ತಿಗೆ ಅದು 5ರ ಸಮೀಪಕ್ಕೆ ಕುಸಿದಿತ್ತು. ಗೋಲಿಗಳ ಕವಚ ದೊಡ್ಡದಾಗಿತ್ತು, ರಕ್ಷಣೆಯ ತಂತ್ರ ಬಿಗಿಯಾಗಿತ್ತು. ಜೊತೆಗೆ, ಓಡುವವನ ಸೊಂಟಕ್ಕೆ ಕೋಲು ಸಿಕ್ಕಿಸಿ ಎಳೆಯುವುದು, ತೋಳು ಹಿಡಿಯುವುದು, ದಾರಿಗೆ ಅಡ್ಡ ನಿಲ್ಲುವುದು ನಿತ್ಯದ ಸಂಗತಿಯಾಗಿತ್ತು. ಇವೆಲ್ಲ ನಿಯಮಪುಸ್ತಕದಲ್ಲಿ ತಪ್ಪುಗಳೇ. ಆದರೆ ತೀರ್ಪುಗಾರರು ನೋಡಿಯೂ ನೋಡದಂತಿದ್ದರು. ಸಂಬಳದ ವಿವಾದದಿಂದ 2004-05ರ ಇಡೀ ಋತು ರದ್ದಾಯಿತು. ಆ ಬಿಡುವಿನಲ್ಲಿ ಬ್ರೆಂಡನ್ ಶಾನಹನ್ ಎಂಬ ಹಿರಿಯ ಆಟಗಾರ ಮುಂದಾಗಿ ಆಟಗಾರರು, ತರಬೇತುದಾರರು, ಅಧಿಕಾರಿಗಳನ್ನು ಟೊರಾಂಟೊದಲ್ಲಿ ಕೂಡಿಸಿ ಆಟವನ್ನು ಹೇಗೆ ಸರಿಪಡಿಸಬಹುದೆಂದು ಚರ್ಚಿಸಿದರು. 2005ರಲ್ಲಿ ಆಟ ಮರಳಿದಾಗ ಹಿಡಿಯುವ, ಎಳೆಯುವ ತಪ್ಪುಗಳಿಗೆಲ್ಲ ಕಟ್ಟುನಿಟ್ಟಾಗಿ ಶಿಕ್ಷೆ ಬೀಳತೊಡಗಿತು. ಉದ್ದನೆಯ ಪಾಸುಗಳಿಗಿದ್ದ ಒಂದು ತಡೆಯೂ ಹೋಯಿತು. ಆ ವರ್ಷ ಗೋಲುಗಳ ಸರಾಸರಿ 6ನ್ನು ದಾಟಿತು.

ಇದರ ಅರ್ಥವೇನು? ಚಿಕ್ಕ ಹುಡುಗರು ಹೊಸದಾಗಿ ಏನನ್ನೂ ಕಲಿಯಲಿಲ್ಲ. ಅವರ ವೇಗ, ತಿರುವು, ಮುಂದಿನ ಕ್ಷಣವನ್ನು ಊಹಿಸುವ ಬುದ್ಧಿ ಮೊದಲೂ ಇದ್ದವು. ಕೋಲು ಸಿಕ್ಕಿಸಿ ಎಳೆಯುವುದು ನಡೆಯುತ್ತಿದ್ದಾಗ ಅವುಗಳಿಗೆ ಬೆಲೆ ಕಡಿಮೆ. ನಿಂತಾಗ ಬೆಲೆ ಏರಿತು. 'ಈ ಹುಡುಗನ ಮೈ ಈ ಆಟಕ್ಕೆ ಸಾಲದು' ಎಂದು ಪರೀಕ್ಷಕರು ಹೇಳುತ್ತಿದ್ದಾಗ ಅರ್ಧ ಮಾತು ಹುಡುಗನ ಬಗ್ಗೆ, ಉಳಿದರ್ಧ ಹಿರಿಯರು ಆ ಆಟವನ್ನು ನಡೆಸುತ್ತಿದ್ದ ರೀತಿಯ ಬಗ್ಗೆ. ಇಷ್ಟಾದರೂ ನಿಯಮವೇ ಎಲ್ಲವೂ ಅಲ್ಲ. ಸೇಂಟ್ ಲೂಯಿ ಅಂಕಪಟ್ಟಿಯ ತುದಿಗೇರಿದ್ದು ಹಳೆಯ ರೀತಿಯ ಆಟದಲ್ಲೇ, 2005ಕ್ಕೂ ಮೊದಲೇ. ಅವರ ವಿಷಯದಲ್ಲಿ ಬದಲಾದದ್ದು ನಿಯಮವಲ್ಲ, ಅವರನ್ನು ಆಡಿಸಿದ ಊರು.

ಮೂರನೆಯವರೇ ಗಾಡ್ರೋ. 2010-11ರಲ್ಲಿ ಅಮೆರಿಕದ ಕಿರಿಯರ ಲೀಗಿನಲ್ಲಿ 36 ಗೋಲು ಹೊಡೆದು ಆ ವರ್ಷದ ಶ್ರೇಷ್ಠ ಹೊಸಬನೆನಿಸಿದ್ದರು. ಆಗ ಅವರ ಎತ್ತರ 5 ಅಡಿ 6 ಅಂಗುಲದ ಆಸುಪಾಸು. ತೂಕ 65 ಕಿಲೋ ಮುಟ್ಟಿರಲಿಲ್ಲ. 2011ರಲ್ಲಿ ಕ್ಯಾಲ್ಗರಿ ಅವರನ್ನು ನಾಲ್ಕನೆಯ ಸುತ್ತಿನಲ್ಲಿ, 104ನೆಯವರಾಗಿ ಆರಿಸಿತು. 166ರಿಂದ 104ಕ್ಕೆ ಬಂದದ್ದನ್ನು ಪ್ರಗತಿ ಎನ್ನಬೇಕೋ, ಇನ್ನೂ 103 ಹೆಸರು ಮುಂದಿದ್ದವಲ್ಲ ಎನ್ನಬೇಕೋ! ಆದರೆ ಈ ಬಾರಿ ಊರು ಅವಸರಪಡಲಿಲ್ಲ. ಮೂರು ವರ್ಷ ಬಾಸ್ಟನ್ ಕಾಲೇಜಿನಲ್ಲಿ ಆಡಲು ಬಿಟ್ಟಿತು. ಕೊನೆಯ ವರ್ಷ 40 ಪಂದ್ಯಗಳಲ್ಲಿ 80 ಅಂಕ. ಸೇಂಟ್ ಲೂಯಿಗೆ ಮೂರು ಬಾರಿ ಕೈತಪ್ಪಿದ ಕಾಲೇಜು ಪ್ರಶಸ್ತಿ 2014ರಲ್ಲಿ ಗಾಡ್ರೋಗೆ ಬಂತು. ಅದೇ ಏಪ್ರಿಲ್‌ನಲ್ಲಿ ವ್ಯಾಂಕೂವರ್‌ನಲ್ಲಿ ಮೊದಲ ಎನ್‌ಎಚ್‌ಎಲ್ ಪಂದ್ಯವನ್ನಾಡಿ ಮೊದಲ ಹೊಡೆತದಲ್ಲೇ ಗೋಲು ಗಳಿಸಿದರು. 2021-22ರಲ್ಲಿ 115 ಅಂಕ ಗಳಿಸಿ, ಡಲ್ಲಾಸ್ ವಿರುದ್ಧದ ಏಳನೆಯ ಪಂದ್ಯವನ್ನು ಹೆಚ್ಚುವರಿ ಅವಧಿಯಲ್ಲಿ ಗೆದ್ದುಕೊಟ್ಟರು. ಆ ಬೇಸಿಗೆಯಲ್ಲಿ ತಾವಾಗಿಯೇ ಕೊಲಂಬಸ್ ತಂಡಕ್ಕೆ ಹೋದಾಗ ಕ್ಯಾಲ್ಗರಿಯವರು ಮುನಿಸಿಕೊಂಡದ್ದೂ ಉಂಟು. ಎರಡು ವರ್ಷದ ನಂತರ ಅದೇ ಜನ ಮೆಟ್ಟಿಲ ಮೇಲೆ ಮಿಠಾಯಿ ಇಟ್ಟು ಅಳುತ್ತಿದ್ದರು.

ಎರಡು ಕಾಲಗಳ ವ್ಯತ್ಯಾಸ ತಿಳಿಯಲು ಒಂದೇ ಅಂಕಿ ಸಾಕು. 2016-17ರ ಇಡೀ ಋತುವಿನಲ್ಲಿ ಗಾಡ್ರೋ ಪಡೆದ ಶಿಕ್ಷೆ 4 ನಿಮಿಷ. ಸಭ್ಯ ಆಟಕ್ಕಾಗಿ ಕೊಡುವ ಪ್ರಶಸ್ತಿ ಆ ವರ್ಷ ಅವರಿಗೆ ಬಂತು. ಫ್ಲೂರಿಯ 1840 ನಿಮಿಷಗಳನ್ನು ಪಕ್ಕದಲ್ಲಿಟ್ಟು ನೋಡಿ. ಇಬ್ಬರ ಸ್ವಭಾವದಲ್ಲಿ ವ್ಯತ್ಯಾಸವಿದ್ದಿರಬಹುದು. ಆದರೆ ಚಿಕ್ಕವನೊಬ್ಬ ಸಭ್ಯನಾಗಿದ್ದುಕೊಂಡೇ ಬದುಕಬಹುದಾದ ಆಟ ಫ್ಲೂರಿಗೆ ಸಿಕ್ಕಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಇದು ಮಗಳ ಪಕ್ಷದ ವಕಾಲತ್ತಾಗುತ್ತದೆ. ಅಳಿಯಂದಿರ ಭಯವೂ ಆಧಾರವಿಲ್ಲದ್ದಲ್ಲ. 2010ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದ ಕ್ಯಾರೊಲಿನ್ ಎಮೆರಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. 11-12ರ ವಯಸ್ಸಿನ ಹುಡುಗರಿಗೆ ಆಗ ಆಲ್ಬರ್ಟಾ ಪ್ರಾಂತ್ಯದಲ್ಲಿ ಡಿಕ್ಕಿ ಹೊಡೆಯಲು ಅವಕಾಶವಿತ್ತು, ಕ್ವೆಬೆಕ್‌ನಲ್ಲಿ ಇರಲಿಲ್ಲ. ಹೋಲಿಸಿ ನೋಡಿದರೆ ಆಲ್ಬರ್ಟಾದ ಹುಡುಗರಿಗೆ ಪೆಟ್ಟಾಗುವ ಅಪಾಯ ಮೂರು ಪಟ್ಟಿಗೂ ಹೆಚ್ಚು. 2013ರಲ್ಲಿ ಕೆನಡಾದ ಹಾಕಿ ಸಂಸ್ಥೆ ಆ ವಯಸ್ಸಿನವರಿಗೆ ಡಿಕ್ಕಿಯನ್ನು ದೇಶದಾದ್ಯಂತ ನಿಷೇಧಿಸಿತು. ಇನ್ನೊಂದು ಮಾತು: ಫ್ಲೂರಿ, ಸೇಂಟ್ ಲೂಯಿ, ಗಾಡ್ರೋ ಎಂಬ ಹೆಸರುಗಳು ನಮಗೆ ಗೊತ್ತಿರುವುದು ಅವರು ಗೆದ್ದದ್ದರಿಂದ. ಕಿರಿಯರ ಲೀಗಿನಲ್ಲಿ ರಾಶಿರಾಶಿ ಗೋಲು ಹೊಡೆದು ಮುಂದೆ ಎಲ್ಲಿಯೂ ಸಲ್ಲದೆ ಹೋದ ಚಿಕ್ಕ ಹುಡುಗರ ಹೆಸರನ್ನು ಯಾರೂ ಬರೆದಿಡುವುದಿಲ್ಲ. ಮೂವರನ್ನು ತೋರಿಸಿ ಎಲ್ಲರಿಗೂ ಆಸೆ ಹಚ್ಚುವುದೂ ಚರಿತ್ರೆಗೆ ಬಗೆಯುವ ದ್ರೋಹ.

ಈ ಓದಿನ ನಡುವೆ ಕಣ್ಣಿಗೆ ಬಿದ್ದ ಸಂಗತಿಯೊಂದು ಅಧ್ಯಾಪಕ ಮಿತ್ರರಿಗೆ ಪ್ರಿಯವಾದೀತು. ಕ್ಯಾಲ್ಗರಿಯ ದಕ್ಷಿಣಕ್ಕಿರುವ ಲೆತ್‌ಬ್ರಿಜ್ ಊರಿನಲ್ಲಿ ಮನಶ್ಶಾಸ್ತ್ರಜ್ಞ ರಾಜರ್ ಬಾರ್ನ್ಸ್‌ಲಿ ಒಮ್ಮೆ ಹೆಂಡತಿಯೊಡನೆ ಹಾಕಿ ಪಂದ್ಯ ನೋಡುತ್ತಿದ್ದರು. ಕೈಯಲ್ಲಿದ್ದ ಆಟಗಾರರ ಪಟ್ಟಿಯಲ್ಲಿ ಜನ್ಮದಿನಗಳೆಲ್ಲ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲೇ ಗುಂಪಾಗಿರುವುದನ್ನು ಗಮನಿಸಿದವರು ಆಕೆ, ಪೌಲಾ. ಇದನ್ನು ಪರಿಶೀಲಿಸಿ ಬಾರ್ನ್ಸ್‌ಲಿ 1985ರಲ್ಲಿ ಪ್ರಕಟಿಸಿದರು. ಕಾರಣ ಸರಳ: ಕೆನಡಾದಲ್ಲಿ ಮಕ್ಕಳ ಹಾಕಿಯ ವಯಸ್ಸನ್ನು ಎಣಿಸುವುದು ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು. ಎಂಟೊಂಬತ್ತರ ವಯಸ್ಸಿನಲ್ಲಿ ಹನ್ನೊಂದು ತಿಂಗಳ ಅಂತರವೆಂದರೆ ಅಂಗುಲಗಳ ಅಂತರ. ದೊಡ್ಡದಾಗಿ ಕಂಡವನನ್ನು ಜಾಣನೆಂದು ಆರಿಸುತ್ತಾರೆ. ಆರಿಸಿದವನಿಗೆ ಒಳ್ಳೆಯ ತರಬೇತಿ. ತರಬೇತಿಯಿಂದ ಅವನು ನಿಜವಾಗಿಯೂ ಜಾಣನಾಗುತ್ತಾನೆ. ನನ್ನ ಮೊಮ್ಮಗ ಹುಟ್ಟಿದ್ದು ನವೆಂಬರ್‌ನಲ್ಲಿ.

ಇದನ್ನು ಓದಿ ನನಗೆ ನಮ್ಮ ದಾಖಲಾತಿ ಪುಸ್ತಕ ನೆನಪಾಯಿತು. ಜೂನ್ ತಿಂಗಳಲ್ಲಿ ಶಾಲೆಗೆ ಬಂದ ಮಗುವಿನ ಜನ್ಮದಿನ ತಂದೆತಾಯಿಗೆ ಗೊತ್ತಿಲ್ಲದಿದ್ದರೆ ಹಿಂದಿನ ಕಾಲದ ಮೇಷ್ಟ್ರು 'ಜೂನ್ 1' ಎಂದು ಬರೆದುಬಿಡುತ್ತಿದ್ದರು; ನಿಮ್ಮಲ್ಲಿ ಹಲವರ ತಂದೆಯವರ ಜನ್ಮದಿನ ಇಂದಿಗೂ ಅದೇ. ಹಾಗಾಗಿ ಒಂದೇ ತರಗತಿಯಲ್ಲಿ ಒಂದು, ಕೆಲವೊಮ್ಮೆ ಎರಡು ವರ್ಷ ಅಂತರದ ಮಕ್ಕಳು ಇರುತ್ತಿದ್ದರು. ನಾವು ಅವರನ್ನು ಪ್ರಾರ್ಥನೆಯ ಸಾಲಿನಲ್ಲಿ ಎತ್ತರದ ಪ್ರಕಾರ ನಿಲ್ಲಿಸಿ, ಬಳಿಕ ಎಲ್ಲವನ್ನೂ ಆ ಸಾಲಿನ ಪ್ರಕಾರವೇ ನೋಡುತ್ತಿದ್ದೆವು.

ಈಗ ನಾನು ಅಂದು ಸುಮ್ಮನಿದ್ದ ಕಾರಣ. 1990ರ ದಶಕದಲ್ಲಿ, ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಯಲ್ಲಿ, ತಾಲ್ಲೂಕು ಕ್ರೀಡಾಕೂಟಕ್ಕೆ ಕಬಡ್ಡಿ ತಂಡವನ್ನು ಆರಿಸುವ ಕೆಲಸ ನನಗೂ ಇನ್ನಿಬ್ಬರಿಗೂ ಬಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗನಿದ್ದ. ಸಾಲಿನಲ್ಲಿ ಯಾವಾಗಲೂ ಮೊದಲಿಗ, ಎಂದರೆ ಎಲ್ಲರಿಗಿಂತ ಕುಳ್ಳ. ಎದುರಾಳಿಯ ಅಂಕಣಕ್ಕೆ ನುಗ್ಗಿದರೆ ಯಾರನ್ನಾದರೂ ಮುಟ್ಟದೆ ಮರಳುತ್ತಿರಲಿಲ್ಲ. ಒಂದು ವಾರದ ಅಭ್ಯಾಸದಲ್ಲಿ ಅವನಷ್ಟು ಅಂಕ ತಂದವರು ಇರಲಿಲ್ಲ; ಲೆಕ್ಕ ಬರೆದವನು ನಾನೇ. ಆಯ್ಕೆಯ ದಿನ ಒಬ್ಬರು ಅವನಿರಲಿ ಎಂದರು, ಇನ್ನೊಬ್ಬರು ಬೇಡವೆಂದರು. ತೀರ್ಮಾನ ನನ್ನ ಮೇಲೆ ಬಂತು. 'ಬೇರೆ ಶಾಲೆಯವರು ಇವನನ್ನು ಎತ್ತಿ ಒಗೆಯುತ್ತಾರೆ, ಮುಂದಿನ ವರ್ಷ ನೋಡೋಣ' ಎಂದೆ. ಅವನ ಬದಲು ಹೋದ ದಪ್ಪ ಹುಡುಗ ಎರಡೂ ಪಂದ್ಯಗಳಲ್ಲಿ ಒಂದೂ ಅಂಕ ತರಲಿಲ್ಲ; ಅವನನ್ನು ಯಾರೂ ದೂರಲಿಲ್ಲ. ಕುಳ್ಳ ಹುಡುಗ ಮುಂದಿನ ವರ್ಷ ಆಯ್ಕೆಗೇ ಬರಲಿಲ್ಲ. ಬಿ.ಎಡ್. ಪರೀಕ್ಷೆಯಲ್ಲಿ 'ವೈಯಕ್ತಿಕ ಭಿನ್ನತೆಗಳು' ಕುರಿತ ಪ್ರಶ್ನೆಗೆ ನಾನು ಬಹಳ ಚೆನ್ನಾಗಿ ಉತ್ತರ ಬರೆದಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆತ ಸಿಕ್ಕಿದರು. ಈಗ ನನಗಿಂತ ಎತ್ತರ. ಕಾಲು ಮುಟ್ಟಿ ನಮಸ್ಕರಿಸಿ, ಹೆಂಡತಿಗೆ ಪರಿಚಯಿಸುತ್ತ, 'ನಮ್ಮ ಮೇಷ್ಟ್ರು. ಗಿಡ್ಡ ಅಂತ ನನ್ನನ್ನ ಕಬಡ್ಡಿಯಿಂದ ಬಿಟ್ಟಿದ್ದರು' ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ನಾನು ಕಲಿಸಿದ ಇತಿಹಾಸದಲ್ಲಿ ಅವರಿಗೆ ಏನು ನೆನಪಿದೆಯೋ ತಿಳಿಯದು, ಇದು ನೆನಪಿತ್ತು.

'ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು' ಎಂಬ ಗಾದೆಯನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಆ ಗಾದೆಯನ್ನು ನಾವು ಹೇಳುವುದು ಕೀರ್ತಿ ಬಂದ ಮೇಲೆ. ಬರುವ ಮೊದಲು, ಆಯ್ಕೆಯ ದಿನ, ನಮ್ಮ ಬಾಯಲ್ಲಿ ಉಳಿಯುವುದು ಅದರ ಮೊದಲ ಎರಡು ಪದಗಳು ಮಾತ್ರ. ಎತ್ತರವನ್ನು ಅಳೆಯಲು ಅಳತೆಪಟ್ಟಿ ಸಾಕು. ಒಂದು ನಿಮಿಷದ ಕೆಲಸ. ಆಟದ ಬುದ್ಧಿಯನ್ನು ಅಳೆಯಲು ದಿನಗಟ್ಟಲೆ ಕುಳಿತು ನೋಡಬೇಕು. ನಾವು ಒಂದು ನಿಮಿಷದ ಅಳತೆಗೆ ಹೆಚ್ಚು ಬೆಲೆ ಕೊಡುತ್ತೇವೆ.

2022ರ ಫೆಬ್ರವರಿಯಲ್ಲಿ ಸೇಂಟ್ ಲೂಯಿ ಮಾಂಟ್ರಿಯಲ್ ತಂಡದ ತರಬೇತುದಾರರಾದರು. ಆ ತಂಡದಲ್ಲಿ ಕೋಲ್ ಕಾಫೀಲ್ಡ್ ಎಂಬ ಕುಳ್ಳ ತರುಣನಿದ್ದ. 2018-19ರಲ್ಲಿ ಅಮೆರಿಕದ ಕಿರಿಯರ ತಂಡಕ್ಕೆ 72 ಗೋಲು ಹೊಡೆದು, 2019ರ ಆಯ್ಕೆಯಲ್ಲಿ 15ನೆಯವನಾಗಿ ಬಂದವನು. ಫ್ಲೂರಿಯ ಕಾಲದಲ್ಲಿ ಸಕಿಕ್‌ಗೆ ದೊರೆತ ಸ್ಥಾನ. 2021-22ರ ಋತುವಿನ ಮೊದಲ 30 ಪಂದ್ಯಗಳಲ್ಲಿ ಅವನು ಹೊಡೆದದ್ದು ಒಂದೇ ಗೋಲು. ಸೇಂಟ್ ಲೂಯಿ ಬಂದ ನಂತರದ 37 ಪಂದ್ಯಗಳಲ್ಲಿ 22. 69 ಪಂದ್ಯಗಳಲ್ಲಿ ನಾಲ್ಕೇ ಗೋಲು ಎಂಬ ಲೆಕ್ಕದ ಮೇಲೆ ಹೊರಬಿದ್ದವರ ಕೈಗೆ ಆ ಹುಡುಗ ಸಿಕ್ಕಿದ್ದ.

ಮಗಳೇ, ಅಳಿಯಂದಿರೇ, ಅಂದು ಕೊಡದ ಉತ್ತರ ಇದು. ಮೊಮ್ಮಗನನ್ನು ಮೇಲಿನ ಗುಂಪಿಗೆ ಹಾಕಿಸಲು ಜಗಳವಾಡಬೇಡಿ. ಅವನನ್ನು ಆಟದಿಂದ ಬಿಡಿಸಲೂ ಬೇಡಿ. ಕೆಳಗಿನ ಗುಂಪಿನಲ್ಲಿ ಅವನನ್ನು ಆಡಿಸುವವರು ಯಾರು, ಅವರು ಅವನನ್ನು ಎಷ್ಟು ಹೊತ್ತು ನೋಡುತ್ತಾರೆ, ಮನೆಗೆ ಬಂದ ಮೇಲೆ ಅವನು ಏನು ಹೇಳುತ್ತಾನೆ ಎಂಬುದನ್ನು ವಿಚಾರಿಸಿ. ಡಿಕ್ಕಿಯ ವಯಸ್ಸು ಬಂದಾಗ ಮತ್ತೊಮ್ಮೆ ಕೂತು ಮಾತನಾಡೋಣ. ಅಷ್ಟರಲ್ಲಿ ಅವನು ಬೆಳೆಯಲೂಬಹುದು, ಬೆಳೆಯದೆಯೂ ಇರಬಹುದು.

ಅಂದು ಹೊರಡುವ ಮುನ್ನ ಮೊಮ್ಮಗ ತನ್ನ ಜೇಬಿನಿಂದ ಒಡೆದ ಪೊಟ್ಟಣವೊಂದನ್ನು ತೆಗೆದು ಮೆಟ್ಟಿಲ ಮೇಲಿಟ್ಟ. ಅರ್ಧ ತಿಂದಾಗಿತ್ತು. 'ಪೂರ್ತಿ ಇಡಬೇಕಿತ್ತಲ್ಲವೇನೋ' ಎಂದೆ. 'ಅವರೂ ತಿಂದುಕೊಂಡೇ ಕಲಿತದ್ದು ಅಜ್ಜಾ' ಎಂದ.